ತೊಂಬತ್ತೆಂಟು ಡಿಗ್ರಿ

“ನನ್ ಕಾರ್ಡ್ ಎಲ್ಲಿಕ್ಕಿದ್ದೀಯ? ಹೇಳ್ಬುಡು.”

ಶಿರಾದ ಆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ಕೌಂಟರ್ ಮೇಲೆ ಸಿಪಿಯು ಪೆಟ್ಟಿಗೆಯನ್ನು ದಡ್ಡನೆ ಇಟ್ಟವನು ಮದಲೂರಿನ ಚಿಕ್ಕರಾಜು. ಒಳಗೆ ಸ್ಕ್ರೂಡ್ರೈವರ್ ಹಿಡಿದು ನಿಂತವಳು ಸಹನಾ.

ಎರಡು ತಿಂಗಳಿಂದ ‘ನೀವು’ ಅನ್ನುತ್ತಿದ್ದ ಬಾಯಿ ಅದು. ಅದರಿಂದ ಒಂದು ‘ನೀನು’ ಬರಲಿ ಅಂತ ಅವಳು ಎಷ್ಟು ದಿನದಿಂದ ಕಾದಿದ್ದಳು! ಬಂತು... ಆದರೆ ಹೀಗೆ ಬಂತು.

ವಿಷಯ ಇಷ್ಟೇ. ಚಿಕ್ಕರಾಜು ನಾಲ್ಕು ಜನರ ಗೇಮಿಂಗ್ ತಂಡದ ನಾಯಕ. ಉಳಿದ ಮೂವರು ಪಾವಗಡ, ಮಧುಗಿರಿ, ಕೊರಟಗೆರೆಯಲ್ಲಿ ಕೂತು ಆಡುವವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅರ್ಹತಾ ಪಂದ್ಯ. ಅವನ ಕಂಪ್ಯೂಟರ್ ಮಾತ್ರ, ಆಟ ಶುರುವಾಗಿ ಹತ್ತೇ ನಿಮಿಷಕ್ಕೆ ಮೊಂಡು ಎತ್ತಿನಂತೆ ಕಾಲು ಎಳೆಯುತ್ತಿತ್ತು. ಸೆಕೆಂಡಿಗೆ ನೂರು ಚಿತ್ರ ಓಡಬೇಕಾದ ಕಡೆ ಇಪ್ಪತ್ತು.

ಮೂರು ಸಲ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ. ಮೂರು ಸಲವೂ ಸಹನಾ ಬಿಚ್ಚಿ ನೋಡಿದ್ದಳು. ಫ್ಯಾನಿನಲ್ಲಿ ಕರಿ ಉಣ್ಣೆಯ ಎಳೆ ಸಿಕ್ಕುತ್ತಿತ್ತು. ಕುರಿ ಸಾಕುವವರ ಮನೆ, ಇರುತ್ತೆ ಬಿಡು ಅಂತ ಒರೆಸಿದ್ದಳು. ಆಮೇಲೆ ಅಂಗಡಿಯಲ್ಲಿ ಎರಡು ಗಂಟೆ ಆಟ ಓಡಿಸಿದರೆ ಬೆಣ್ಣೆಯ ಹಾಗೆ ಓಡುತ್ತಿತ್ತು. ಮನೆಗೆ ಹೋದರೆ ಮತ್ತೆ ಅದೇ ರಾಗ.

ಅವನು ಲೆಕ್ಕ ಹಾಕಿದ್ದ. ಅಂಗಡಿಯಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿ ತೋರಿಸುತ್ತಾಳೆ, ಕಳಿಸುವಾಗ ಕೆಟ್ಟದ್ದು ತುರುಕುತ್ತಾಳೆ. ಅದನ್ನೇ ಈಗ ಎಲ್ಲರೆದುರು ಹೇಳಿದ. ಕೊನೆಯಲ್ಲಿ ಒಂದು ಮಾತು ಸೇರಿಸಿದ. ಕಳ್ಳಿ.

ಸಹನಾ ಪೆಟ್ಟಿಗೆ ಬಿಚ್ಚಿದಳು, ಕಾರ್ಡಿನ ನಂಬರ್ ತೋರಿಸಿದಳು. ನಂಬರ್ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಅಂದ. ಅವಳು ಪೆಟ್ಟಿಗೆಯೊಳಗಿನ ಶಾಖ, ವೇಗ ಎಲ್ಲ ನಿಮಿಷ ನಿಮಿಷಕ್ಕೆ ಬರೆದಿಡುವ ಒಂದು ಸಾಫ್ಟ್‌ವೇರ್ ಹಾಕಿ ಕೊಟ್ಟಳು. ಅವನು ತಿರುಗಿ ನೋಡದೆ ಹೊತ್ತುಕೊಂಡು ಹೋದ.

ಅಂಗಡಿ ಮಾಲೀಕ ಮಹಾಲಿಂಗಯ್ಯ ಗದರಲಿಲ್ಲ. ಸೋಮವಾರದೊಳಗೆ ಇದು ಬಗೆಹರಿಯದಿದ್ದರೆ ಕೆಲಸಕ್ಕೆ ಬರಬೇಡ ಅಂತ ಮೆಲ್ಲಗೆ ಹೇಳಿದರು. ಆ ಮೆಲುದನಿಯೇ ಹೆಚ್ಚು ಚುಚ್ಚಿತು.

‘ಕೆಲಸ ಹೋದರೆ ಹೋಗಲಿ. ಅವನ ಕಣ್ಣಲ್ಲಿ ನಾನು ಕಳ್ಳಿಯಾಗಿಯೇ ಉಳಿದುಬಿಟ್ಟರೆ?’

ಕರೆ ಮಾಡಿದಳು. ಅವನು ನಂಬರ್ ಬ್ಲಾಕ್ ಮಾಡಿದ್ದ. ಅಂದು ಅವಳು ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಮದಲೂರಿನ ಬಸ್ ಹತ್ತಿದಳು. ಬೈಸಿಕೊಂಡು ಬರಲು ಟಿಕೆಟ್ ತೆಗೆದುಕೊಂಡು ಹೋಗುವ ಹುಚ್ಚಿ ನಾನೊಬ್ಬಳೇ ಇರಬೇಕು ಅನ್ನಿಸಿತು. ಕೆರೆ ಏರಿ ಕಂಡಾಗ ವಾಪಸ್ ಹೋಗಿಬಿಡೋಣ ಅಂತಲೂ ಅನ್ನಿಸಿತು... ಇಳಿದಳು.

ಬಾಗಿಲಲ್ಲೇ ನಿಂತು ಕೂಗಿದಳು. ಚಿಕ್ಕರಾಜುವಿನ ಅಜ್ಜಿ ಕರಿಯಕ್ಕ ಒಳಗಿಂದ ಬಗ್ಗಿ ನೋಡಿ, ಸರಸರ ಹೋಗಿ ಒಂದು ಕರಿ ಕಂಬಳಿ ತಂದು ಪಡಸಾಲೆಯಲ್ಲಿ ಹಾಸಿದಳು. ಬಂದವರನ್ನು ಬರಿ ನೆಲದಲ್ಲಿ ಕೂರಿಸುವುದು ಆ ಮನೆಯಲ್ಲಿಲ್ಲ.

ಸಹನಾ ಕೂರಲಿಲ್ಲ. ಜಾತಿ ತಿಳಿದ ಮೇಲೆ ಹೊರಗೆ ನಿಲ್ಲಿಸುವ ಹೊಸ್ತಿಲು ಅವಳಿಗೆ ಹೊಸದಲ್ಲ. ಮೊದಲೇ ಹೇಳಿಬಿಟ್ಟಳು. “ನಾವು ಕಾಲೋನಿಯವರು ಅಜ್ಜಿ. ಮೇಷ್ಟ್ರು ದೊಡ್ಡರಂಗಯ್ಯನ ಮಗಳು.”

ಕರಿಯಕ್ಕ ಅವಳನ್ನು ಒಂದು ಗಳಿಗೆ ನೋಡಿದಳು.

“ಕಂಬ್ಳಿಗೆ ಮೈಲ್ಗೆ ಇಲ್ಲ ಕಣವ್ವ. ಕೂತ್ಕ.”

ಸಹನಾ ಕೂತಳು. ಕಂಬಳಿ ಬೆಚ್ಚಗಿತ್ತು. ಬಿಸಿಲಿಗೆ ಹಾಕಿದ್ದರೇನೋ ಅಂದುಕೊಂಡು ಸುಮ್ಮನಾದಳು.

ಕಿವಿಯ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಚಿಕ್ಕರಾಜು ಕೋಣೆಯಿಂದ ಬಂದ. ಕಣ್ಣು ಕೆಂಪಾಗಿದ್ದವು. ಅಭ್ಯಾಸದಲ್ಲಿ ಆಗಷ್ಟೇ ಮತ್ತೆ ಸೋತಿದ್ದ. ಅವಳನ್ನು ಕಂಡು ಮುಖ ಗಂಟು ಹಾಕಿದ. ಒಂದೇ ಸಲ ನೋಡುತ್ತೇನೆ, ಆಮೇಲೆ ಜನ್ಮದಲ್ಲಿ ಬರಲ್ಲ ಅಂತ ಅವಳು ಬೇಡಿಕೊಂಡಳು. ಅಜ್ಜಿ ಎದುರಿದ್ದಳಲ್ಲ, ದಾರಿ ಬಿಟ್ಟ.

ಮೇಜು ಚಿಕ್ಕದು. ಪೆಟ್ಟಿಗೆಯನ್ನು ಅವನ ಕುರ್ಚಿಯ ಬೆನ್ನ ಹಿಂದೆ, ಕಿಟಕಿ ಪಕ್ಕ ಇಟ್ಟಿದ್ದ. ಗಾಜಿನೊಳಗೆ ಕೆಂಪು ಹಸಿರು ದೀಪಗಳು ಮಿನುಗುತ್ತಿದ್ದವು. ಸಹನಾ ಆಟ ಓಡಿಸಿದಳು. ಹತ್ತು ನಿಮಿಷ... ಇಪ್ಪತ್ತು ನಿಮಿಷ... ಬೆಣ್ಣೆ!

“ನೋಡ್ದಾ? ನೀನ್ ಬಂದ್ರೆ ಸರ್ಯಾಯ್ತದೆ. ನೀನೇ ಏನೋ ಮಾಡ್ತೀಯ.”

ಅವಳ ಕಣ್ಣಲ್ಲಿ ನೀರು ಬಂತು. ‘ಯಾಕೆ ಹೀಗೆ? ಕೈ ಮುಗಿಯುತ್ತೇನೆ ಕಣೇ ಮಿಷಿನ್ನೇ, ಒಂದು ಸಲ ನನ್ನೆದುರು ಕೆಟ್ಟುಹೋಗು!’

ತಾನು ಹಾಕಿಕೊಟ್ಟ ಸಾಫ್ಟ್‌ವೇರ್ ಬರೆದಿಟ್ಟಿದ್ದ ದಾಖಲೆ ತೆರೆದಳು. ಆ ದಿನ ಬೆಳಿಗ್ಗೆಯದು. ಕಾರ್ಡ್ ನೂರಕ್ಕೆ ಮೂವತ್ತು ಪಾಲು ಮಾತ್ರ ದುಡಿದಿತ್ತು. ಅದರದ್ದೇನೂ ತಪ್ಪಿಲ್ಲ, ಕೆಲಸ ಬರಲಿ ಅಂತ ಖಾಲಿ ಕೂತಿತ್ತು. ಕೆಲಸ ಹಂಚಬೇಕಾದ ಪ್ರೊಸೆಸರ್ ಮಾತ್ರ ತೊಂಬತ್ತೆಂಟು ಡಿಗ್ರಿ ಕಾದು, ಸುಟ್ಟುಹೋಗುವ ಭಯಕ್ಕೆ ತಾನೇ ವೇಗ ಇಳಿಸಿಕೊಂಡಿತ್ತು. ಅಂಗಡಿಯಲ್ಲಿ ಅದು ಎಪ್ಪತ್ತು ದಾಟಿದ್ದೇ ಇಲ್ಲ.

ಹನ್ನೊಂದು ಹತ್ತರವರೆಗೆ ತೊಂಬತ್ತೆಂಟು. ಅಲ್ಲಿಂದ ಸರ್ರನೆ ಇಳಿದಿತ್ತು.

ಹನ್ನೊಂದು ಹತ್ತಕ್ಕೆ ಏನಾಯಿತು? ಅವಳು ಬಾಗಿಲಲ್ಲಿ ನಿಂತು ಕೂಗಿದ್ದಳು. ಅಜ್ಜಿ ಸರಸರ ಒಳಗೆ ಹೋಗಿದ್ದಳು...

ಕಂಬಳಿ ಬೆಚ್ಚಗಿತ್ತು. ಅಜ್ಜಿ ಅದನ್ನು ತಂದಿದ್ದು ಒಳಗಿನಿಂದ, ಅಲ್ಲಿ ಬಿಸಿಲೆಲ್ಲಿ!

“ಅಜ್ಜಿ, ನಾನು ಬರೋಕೆ ಮುಂಚೆ ಈ ಕಂಬಳಿ ಎಲ್ಲಿತ್ತು?”

ಕರಿಯಕ್ಕ ಸೆರಗು ತಿರುವುತ್ತಾ ನಿಂತಳು. ಆಮೇಲೆ ಬಾಯಿ ಬಿಟ್ಟಳು. ಮೊಮ್ಮಗ ಆಟಕ್ಕೆ ಕೂತರೆ ಪೆಟ್ಟಿಗೆ ಜಗಜಗ ಅನ್ನುತ್ತದೆ, ಕಿಟಕಿಯಲ್ಲಿ ಹೋಗುವವರು ಬರುವವರು ನಿಂತು ನೋಡುತ್ತಾರೆ, ದೃಷ್ಟಿ ತಾಗಿ ಸೋಲುತ್ತಿದ್ದಾನೆ. ಅದಕ್ಕೆ ದಿನಾ ಅವನು ಕಿವಿ ಮುಚ್ಚಿಕೊಂಡ ಮೇಲೆ ಕಂಬಳಿ ಹೊದಿಸುತ್ತಿದ್ದಳು. ಬೈತಾನೆ ಅಂತ ಏಳುವ ಮೊದಲು ಎತ್ತಿಬಿಡುತ್ತಿದ್ದಳು.

“ಸೋತಷ್ಟೂ ಇನ್ನೊಂದ್ ಮಡಿಕೆ ಆಕ್ದೆ ಕಣ್ಲಾ. ಒಳ್ಳೇದಾಗ್ಲಿ ಅಂತ.”

ಪಾಪ, ಪ್ರೀತಿಯಿಂದಲೇ ಉಸಿರು ಕಟ್ಟಿಸಿದ್ದಳು!

ಚಿಕ್ಕರಾಜು ಕುರ್ಚಿಗೆ ಕುಸಿದ. ಕೊನೆಗೆ ಕ್ಷಮೆ ಕೇಳಿದ. ಮೂರು ಸಲ ಕೇಳಿದ.

ಸಹನಾ ಬ್ಯಾಗ್ ಹೆಗಲಿಗೆ ಏರಿಸಿದಳು. “ಕಳ್ಳಿ ಅಂದಿದ್ದು ಅಷ್ಟು ಜನರ ಮುಂದೆ. ಕ್ಷಮೆ ಮಾತ್ರ ನಾಲ್ಕು ಗೋಡೆ ಒಳಗೆ ಸಾಕಾ?”

ಹೊರಟೇಬಿಟ್ಟಳು. ಬಸ್ ಹತ್ತಿ ಕಿಟಕಿಗೆ ಹಣೆ ಆನಿಸಿ ಅತ್ತಳು. ಸಾಬೀತಾಯಿತು, ಗೆದ್ದೆ... ಆದರೂ ಎಲ್ಲ ಕಳೆದುಕೊಂಡ ಹಾಗೆ ಯಾಕಿದೆ?

ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಾ ಕೂತರು. ಚಿಕ್ಕರಾಜು. ಪಂದ್ಯದ ಹಿಂದಿನ ದಿನದ ಅಭ್ಯಾಸ ಬಿಟ್ಟು, ತಂಡದವರ ಕರೆಗಳನ್ನೆಲ್ಲ ಕತ್ತರಿಸಿ ಓಡಿ ಬಂದಿದ್ದ. ಶಿರಾದಲ್ಲಿ ಅವಳ ಹಿಂದೆಯೇ ಇಳಿದ.

ಅಂಗಡಿಯಲ್ಲಿ ಶನಿವಾರದ ಗಿರಾಕಿಗಳು ತುಂಬಿದ್ದರು. ಅವನು ಅದೇ ಕೌಂಟರಿನ ಮುಂದೆ ನಿಂತು ಮಹಾಲಿಂಗಯ್ಯನವರಿಗೆ, ಎಲ್ಲರಿಗೂ ಕೇಳುವ ಹಾಗೆ, ಕಂಬಳಿಯ ಕಥೆ ಪೂರ್ತಿ ಹೇಳಿದ. ಜನ ನಕ್ಕರು. ಅವನು ನಗಲಿಲ್ಲ.

“ಇವ್ರು ಕಳ್ಳಿ ಅಲ್ಲ. ನಾನು ಕುರುಡ. ಪೆಟ್ಟಿಗೆ ರಿಪೇರಿಗೆ ಮೂರ್ ಸಲ ಬಂದೆ ಅಂತ ನಾನೇ ಅಂದ್ಕಂಡಿದ್ದೆ. ಇವ್ರ ಮುಖ ನೋಡಕ್ಕೆ ಬರ್ತಿದ್ದೆ. ಅದಕ್ಕೇ ಮೋಸ ಅನ್ಸಿದಾಗ ಅಷ್ಟು ಉರೀತು.”

ಮಹಾಲಿಂಗಯ್ಯ ಏನೋ ಹುಡುಕುವವರಂತೆ ಡ್ರಾಯರ್‌ಗೆ ತಲೆ ಹಾಕಿದರು. ಸಹನಾ ಒಂದು ಸಣ್ಣ ಫ್ಯಾನ್ ತೆಗೆದು ಅವನ ಕೈಗಿಟ್ಟಳು. ನಾಳೆ ಒಂಬತ್ತಕ್ಕೆ ತಾನೇ ಬಂದು ಜೋಡಿಸುತ್ತೇನೆ ಅಂದಳು.

ಬಂದಳು, ಜೋಡಿಸಿದಳು. ಕಿಟಕಿಗೆ ಪರದೆ ಕಟ್ಟಿದಳು. ಹತ್ತರಿಂದ ಒಂದರವರೆಗೆ ಉಗುರು ಕಚ್ಚುತ್ತಾ ಅವನ ಬೆನ್ನ ಹಿಂದೆ ಪೆಟ್ಟಿಗೆ ಕಾಯುತ್ತಾ ಕೂತಳು. ಅರವತ್ತೊಂಬತ್ತು ಡಿಗ್ರಿ ದಾಟಲಿಲ್ಲ. ಮುಂದಿನ ಸುತ್ತಿಗೆ ಎರಡು ತಂಡಕ್ಕೆ ಅವಕಾಶವಿತ್ತು, ಇವರದು ಎರಡನೆಯದು.

ಹೆಡ್‌ಫೋನ್ ಕಿತ್ತು ಅವನು ತಿರುಗುವಷ್ಟರಲ್ಲಿ ಕರಿಯಕ್ಕ ಆ ಕರಿ ಕಂಬಳಿ ತಂದಿದ್ದಳು. ಪೆಟ್ಟಿಗೆಗಲ್ಲ. ಸಹನಾಳ ಹೆಗಲಿಗೆ ಹೊದಿಸಿ, ನೆಟಿಕೆ ಮುರಿದಳು.

“ಅಜ್ಜಿ, ಸೆಕೆ ಆಯ್ತದೆ ಅವ್ಳಿಗೆ, ತಗಿ.”

“ಸುಮ್ನಿರ್ಲಾ. ದೃಷ್ಟಿ ಆಯ್ತದೆ.”

ಅಜ್ಜಿ ಕಾಫಿಗಿಡಲು ಹೋದಳು. ಚಿಕ್ಕರಾಜು ಮೊಣಕಾಲೂರಿ ಸಹನಾಳ ಎದುರು ಕೂತ.

“ಈಗ ಎಷ್ಟು ಡಿಗ್ರಿ?” ಮೆಲ್ಲಗೆ ಕೇಳಿದ.

“ತೊಂಬತ್ತೆಂಟು.”

“ತಗೀಲಾ ಕಂಬ್ಳಿ?”

ಸಹನಾ ಎರಡೂ ಕೈಯಲ್ಲಿ ಅದರ ಅಂಚು ಬಿಗಿ ಹಿಡಿದಳು.

“ಬೇಡ... ಇರ್ಲಿ ಬಿಡು.”