ಅಳಿಸದೇ ಬಿಟ್ಟ ಅರ್ಧ

"ಪೂರ್ತಿ ಅಳಿಸಿಬಿಡಿ."

ಬೊರಾಮ್ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಅಲ್ಲಿದ್ದ ಕೀಗೊಂಚಲು ಕೆಳಗೆ ಬಿತ್ತು. ಆಚೆ ಕೂತಿದ್ದ ಸೊಕ್‌ಜುನ್ ಬಗ್ಗಿ ಅದನ್ನು ಎತ್ತಿಕೊಂಡ. ಅವಳ ಮುಖ ನೋಡಲಿಲ್ಲ, ಲ್ಯಾಪ್‌ಟಾಪ್ ನೋಡಿದ. ಬೆಳ್ಳಿ ಬಣ್ಣದ, ಒಂದು ಕೈಯಲ್ಲಿ ಎತ್ತುವಷ್ಟು ಹಗುರದ ಮ್ಯಾಕ್. ನೊರ್ಯಾಂಗ್‌ಜಿನ್‌ನ ಪರೀಕ್ಷೆಗೆ ಓದುವವರ ಓಣಿಯ ಆ ಹಾಸ್ಟೆಲಿನಲ್ಲಿ ಅಂಥದ್ದು ಬೇರೆ ಯಾರ ಹತ್ತಿರವೂ ಇರಲಿಲ್ಲ.

"ವಿಂಡೋಸ್ ಹಾಕೋಕೆ ಪೂರ್ತಿ ಅಳಿಸ್ಬೇಕು ಅಂತಿಲ್ಲ. ಡಿಸ್ಕ್ ಎರಡು ಭಾಗ ಮಾಡಿ ಒಂದರಲ್ಲಿ ಮ್ಯಾಕ್ ಹಾಗೇ ಇಟ್ರೆ..."

"ನನಗೆ ಮ್ಯಾಕ್ ಬೇಡ."

"ಒಳಗೆ ಏನಾದ್ರೂ ಇದ್ರೆ?"

"ಏನೂ ಇಲ್ಲ. ಅಳಿಸಿ ಅಂದ್ನಲ್ಲ."

ಒಳಗೆ ಎಲ್ಲವೂ ಇತ್ತು. ಅವಳು ಬಿಡಿಸಿದ ಬಿಸ್ಕತ್ತಿನ ಪೊಟ್ಟಣಗಳು, ಸಣ್ಣ ನಾಟಕ ಮಂದಿರಗಳ ಪೋಸ್ಟರುಗಳು, ಮುಗಿಯದೇ ನಿಂತ ಒಂದು ಮಕ್ಕಳ ಪುಸ್ತಕ. ವಿನ್ಯಾಸದ ಕಂಪನಿ ಅವಳನ್ನು ಕೆಲಸದಿಂದ ತೆಗೆದ ದಿನ, ಯಾರೂ ಎಬ್ಬಿಸಲಾಗದ ಕುರ್ಚಿಯಲ್ಲೇ ಇನ್ನು ಕೂರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಅಂಥ ಕುರ್ಚಿ ಇರುವುದು ಸರ್ಕಾರಿ ಕಚೇರಿಯಲ್ಲಿ ಮಾತ್ರ. ಅದಕ್ಕೊಂದು ಪರೀಕ್ಷೆ. ಅದರ ಪಾಠದ ವೀಡಿಯೊಗಳು ನಡೆಯುವುದು ವಿಂಡೋಸಿನಲ್ಲಿ ಮಾತ್ರ, ಅದೂ ಹೆಸರು ನೋಂದಾಯಿಸಿದ ಒಂದೇ ಯಂತ್ರದಲ್ಲಿ. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಗೇಮ್ ಅಂಗಡಿ ಬೀದಿಗೊಂದು ಇದ್ದರೂ ಅಲ್ಲಿನ ಕಂಪ್ಯೂಟರುಗಳು ಉಪಯೋಗಕ್ಕೆ ಬರುತ್ತಿರಲಿಲ್ಲ.

ಸೊಕ್‌ಜುನ್ ಹಾಸ್ಟೆಲಿನ ವಾರ್ಡನ್. ವಾರ್ಡನ್ ಅಂದರೂ ಅವನೂ ಪರೀಕ್ಷೆಯವನೇ. ಬಾಗಿಲು ಕಾದು, ಅನ್ನ ಬೇಯಿಸಿಟ್ಟು, ಅದಕ್ಕೆ ಬದಲಾಗಿ ಬಾಡಿಗೆಯಿಲ್ಲದೆ ಒಂದು ಕೋಣೆ ಪಡೆದವನು. ಎಷ್ಟು ವರ್ಷದಿಂದ ಬರೆಯುತ್ತಿದ್ದಾನೆಂದು ಯಾರೂ ಕೇಳುತ್ತಿರಲಿಲ್ಲ. ಆ ಓಣಿಯಲ್ಲಿ ಹಾಗೆ ಕೇಳುವುದು ಬೈದ ಹಾಗೆ.

ಮರುದಿನ ಅವನು ಲ್ಯಾಪ್‌ಟಾಪ್ ಹಿಂತಿರುಗಿಸಿದ. ಗುಂಡಿ ಒತ್ತಿದರೆ ನೇರವಾಗಿ ವಿಂಡೋಸ್ ತೆರೆದುಕೊಂಡಿತು.

"ಎಲ್ಲಾ ಹೋಯ್ತಾ?"

"ಹೋಯ್ತು."

"ಡಿಸ್ಕಲ್ಲಿ ಜಾಗ ಇಷ್ಟೇನಾ?"

"ತೆಳು ಲ್ಯಾಪ್‌ಟಾಪು. ಇಷ್ಟೇ ಇರೋದು."

ಬೊರಾಮ್ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಗೋಡೆ ಬರೀ ಪ್ಲೈವುಡ್. ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅತ್ತಳು.

*ಇನ್ನು ಹಿಂದಕ್ಕೆ ಹೋಗೋ ದಾರಿ ಇಲ್ಲ. ಒಳ್ಳೇದೇ ಆಯ್ತು...*

ವಿಂಡೋಸ್ ಆ ಮ್ಯಾಕಿಗೆ ಒಗ್ಗಲಿಲ್ಲ. ಪಾಠ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಅದರ ಹೊಟ್ಟೆ ಸುಡುತ್ತಿತ್ತು, ಒಳಗಿನ ಫ್ಯಾನ್ ಕೂಗತೊಡಗುತ್ತಿತ್ತು. ಹಾಸ್ಟೆಲಿನ ವಾಚನಾಲಯದಲ್ಲಿ ಪುಟ ಜೋರಾಗಿ ಮಗುಚಿದರೂ ಮೇಜಿನ ಮೇಲೆ ಅಕ್ಕಪಕ್ಕದವರು ದೂರು ಬರೆದ ಹಳದಿ ಚೀಟಿ ಬರುತ್ತದೆ, ಮೂಗು ಎಳೆದರೂ ಬರುತ್ತದೆ. ಅವಳಿಗೂ ಬಂತು. 'ನಿಮ್ಮದು ಲ್ಯಾಪ್‌ಟಾಪಾ, ಹೇರ್ ಡ್ರೈಯರಾ?' ಕೆಳಗೆ ಬೇರೆ ಕೈಬರಹದಲ್ಲಿ, 'ನನ್ನದೂ ಇದೇ ಪ್ರಶ್ನೆ.'

ಅವಳು ಚೀಟಿ ಹಿಡಿದುಕೊಂಡು ಸೊಕ್‌ಜುನ್ ಮುಂದೆ ನಿಂತಳು. ಅವನು ಮಾತಾಡದೆ ತನ್ನ ಮೇಜಿನ ಹಿಂದೆ, ಶೂಗಳ ಕಪಾಟಿನ ಪಕ್ಕ ಒಂದು ಮಡಚುವ ಮೇಜು ಹಾಕಿದ. ಲ್ಯಾಪ್‌ಟಾಪಿನ ಅಡಿಗೆ ಗಾಳಿಯಾಡಲೆಂದು ನಾಲ್ಕು ಮೂಲೆಗೂ ಬಾಟಲಿ ಮುಚ್ಚಳ ಇಟ್ಟ.

"ಇಲ್ಲಿ ಎಷ್ಟು ಬೇಕಾದ್ರೂ ಕೂಗ್ಲಿ. ಶೂಗಳು ಚೀಟಿ ಬರೆಯಲ್ಲ."

ಬೊರಾಮ್ ನಕ್ಕಳು. ಆ ಕಟ್ಟಡಕ್ಕೆ ಬಂದ ಮೇಲೆ ಅದೇ ಮೊದಲು.

ಪ್ರೀತಿ ಶುರುವಾದದ್ದು ಶೂಗಳ ವಾಸನೆಯ ನಡುವೆ. ಅನ್ನದ ಕುಕ್ಕರ್ ತೊಳೆಯುತ್ತಾ ಅವನು ಸಂವಿಧಾನದ ಪ್ರಶ್ನೆ ಕೇಳುತ್ತಿದ್ದ, ಅವಳು ಉತ್ತರಿಸುತ್ತಿದ್ದಳು. ತಪ್ಪಿದರೆ, ಇಂಥವರನ್ನು ನಂಬಿಕೊಂಡು ದೇಶ ಹೇಗೆ ನಡೆಯಬೇಕು ಎಂದು ಕುಕ್ಕರಿಗೆ ದೂರು ಹೇಳುತ್ತಿದ್ದ. ಮಧ್ಯಾಹ್ನ ರಸ್ತೆ ಬದಿ ನಿಂತು ಕಾಗದದ ಕಪ್ಪಿನಲ್ಲಿ ಅನ್ನ ತಿನ್ನುವಾಗ ತನ್ನ ಪಾಲಿನ ಮೊಟ್ಟೆಯನ್ನು ಅವಳ ಕಪ್ಪಿಗೆ ಹಾಕುತ್ತಿದ್ದ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಚಳಿಗಾಲದ ಕೊನೆಗೆ ಒಂದು ಸಲ ಅವಳ ಕೈ ಹಿಡಿದ. ಆಮೇಲೆ ತಾನೇ ಬಿಟ್ಟ.

"ಪರೀಕ್ಷೆ ಮುಗೀಲಿ," ಅಂದ.

"ಮುಗೀಲಿ," ಅಂದಳು ಅವಳೂ.

ಪರೀಕ್ಷೆ ಹತ್ತಿರ ಬಂದಂತೆ ಲ್ಯಾಪ್‌ಟಾಪಿನಲ್ಲಿ ಜಾಗ ಮುಗಿಯಿತು. ಹೊಸ ಪಾಠ ಇಳಿಸಿಕೊಳ್ಳಲು ಹಳೆಯದನ್ನು ಅಳಿಸಬೇಕು, ಅಳಿಸಿದ್ದನ್ನು ಇನ್ನೊಂದು ಸಲ ಕೊಡುವುದಿಲ್ಲ. ಆಡಳಿತ ಕಾನೂನಿನ ಪಾಠಗಳನ್ನು ಅವಳು ಮನಸ್ಸಿಲ್ಲದೆ ಅಳಿಸಿದಳು.

ಪರೀಕ್ಷೆಗೆ ಒಂದು ವಾರ ಇದ್ದಾಗ ಬ್ಯಾಟರಿ ಪೂರ್ತಿ ಸತ್ತು ಲ್ಯಾಪ್‌ಟಾಪ್ ಆರಿಹೋಯಿತು. ಚಾರ್ಜ್ ಮಾಡಿ ಗುಂಡಿ ಒತ್ತಿದಳು. ಬಹಳ ದಿನದಿಂದ ಕೇಳದಿದ್ದ ಸದ್ದೊಂದು ಟಣ್ ಎಂದಿತು. ಯಾವುದನ್ನು ಮೊದಲು ತೆರೆಯಬೇಕೆಂಬುದನ್ನೇ ಯಂತ್ರ ಮರೆತಿತ್ತು, ಪರದೆಯ ಮೇಲೆ ವಿಂಡೋಸ್ ಬರಲಿಲ್ಲ. ಅವಳ ಬಿಸ್ಕತ್ತಿನ ಪೊಟ್ಟಣಗಳು ಬಂದವು. ಪೋಸ್ಟರುಗಳು, ಮುಗಿಯದ ಪುಸ್ತಕ... ಎಲ್ಲ ಇಟ್ಟ ಜಾಗದಲ್ಲೇ ಇತ್ತು. ಡಿಸ್ಕಿನ ಅರ್ಧದಷ್ಟು.

ಲ್ಯಾಪ್‌ಟಾಪನ್ನು ಸೊಕ್‌ಜುನ್ ಕಡೆ ತಿರುಗಿಸಿದಳು.

"ವಾರ್ಡನ್ ಸಾಹೇಬ್ರೇ, ಇದೇನು?"

ಸೊಕ್‌ಜುನ್ ನೋಡಿದ.

"ಜಾಗ ಇಷ್ಟೇ ಅಂದೆ. ನಾನು ಪಾಠ ಅಳಿಸಿ ಅಳಿಸಿ ಸಾಯ್ತಿದ್ರೆ ನೋಡ್ಕೊಂಡು ಕೂತಿದ್ದೆ. ಇವಳು ಪಾಸಾಗಲ್ಲ, ವಾಪಸ್ ಹೋಗೋಳೇ ಅಂತ ಆವತ್ತೇ ಲೆಕ್ಕ ಹಾಕಿದ್ದೆ ಅಲ್ವಾ?"

"ಹಾಗಲ್ಲ."

"ಮತ್ತೆ ಹೇಗೆ?"

ಅವನು ಬಾಯಿ ತೆರೆದ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದ ಪರೀಕ್ಷೆಯ ದಿನವನ್ನು ನೋಡಿದ. ಬಾಯಿ ಮುಚ್ಚಿದ.

ಸಂಜೆಯೊಳಗೆ ಬೊರಾಮ್ ಬೇರೆ ಹಾಸ್ಟೆಲಿಗೆ ಹೋದಳು.

ಪರೀಕ್ಷೆ ಬರೆದಳು. ಫಲಿತಾಂಶದಲ್ಲಿ ಅವಳ ಸಂಖ್ಯೆ ಇರಲಿಲ್ಲ. ಆಡಳಿತ ಕಾನೂನಿನಲ್ಲೇ ಮುಗ್ಗರಿಸಿದ್ದಳು. ಅದೇ ವಾರ ಎದುರು ಕೋಣೆಯ ಹುಡುಗಿಯನ್ನು ಸ್ಟ್ರೆಚರಿನಲ್ಲಿ ಇಳಿಸಿದರು. ಬದುಕಿಕೊಂಡಳಂತೆ. ಆ ಹುಡುಗಿಯ ಚಪ್ಪಲಿ ಮಾತ್ರ ಬಾಗಿಲ ಮುಂದೆ ಹಾಗೇ ಉಳಿಯಿತು. ಬೊರಾಮ್‌ಗೆ ಅಂಥ ಯೋಚನೆ ಬರಲಿಲ್ಲ ಅಂತೇನಿಲ್ಲ. ಬಂತು. ಗೋಡೆ ನೋಡುತ್ತಾ ಮಲಗಿದ್ದಳು, ಊಟ ಬಿಟ್ಟಳು, ಅಮ್ಮನ ಕರೆ ಎತ್ತಲಿಲ್ಲ.

ಒಂದು ಬೆಳಿಗ್ಗೆ, ಮಾಡಲು ಬೇರೇನೂ ತೋಚದೆ, ಲ್ಯಾಪ್‌ಟಾಪ್ ತೆಗೆದು ಆಪ್ಷನ್ ಕೀ ಒತ್ತಿ ಹಿಡಿದಳು. ಎರಡು ಡಿಸ್ಕುಗಳ ಚಿತ್ರಗಳು ಪಕ್ಕಪಕ್ಕ ಬಂದವು. ಮ್ಯಾಕ್ ಇದ್ದದ್ದನ್ನು ಆರಿಸಿದಳು.

ಮಕ್ಕಳ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಬಾತುಕೋಳಿಗೆ ಕಾಲು ಬಿಡಿಸಿರಲಿಲ್ಲ. ಬಿಡಿಸಿದಳು. ಹೊಟ್ಟೆ ಹಸಿಯಿತು. ಕೆಳಗಿಳಿದು ಅನ್ನ ತಿಂದಳು.

ಹಳೆಯ ಕೆಲಸಗಳನ್ನು ಕಂಡಕಂಡಲ್ಲಿಗೆ ಕಳಿಸಿದಳು. ಚುಂಗ್‌ಮುರೊದ ಒಂದು ಮುದ್ರಣಾಲಯ ಕರೆಯಿತು. ಹೋಟೆಲುಗಳ ಕರಪತ್ರ ಮಾಡುವ ಕೆಲಸ. ಯಾರು ಬೇಕಾದರೂ ಎಬ್ಬಿಸಬಹುದಾದ ಕುರ್ಚಿ. ಒಪ್ಪಿಕೊಂಡಳು.

ಆದರೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಕೇಳಲು ಹಳೆಯ ಹಾಸ್ಟೆಲಿಗೆ ಹೋದಳು. ಸೊಕ್‌ಜುನ್ ಕೆಲಸ ಬಿಟ್ಟಿದ್ದಾನೆ, ರೈಲು ಹಳಿಯ ಆಚೆ ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದಾನೆ ಎಂದಳು ಮಾಲಕಿ.

ರಬ್ಬರ್ ಏಪ್ರನ್ ಹಾಕಿಕೊಂಡು ಅವನು ಪೆಟ್ಟಿಗೆಗಳಿಗೆ ಮಂಜು ತುಂಬುತ್ತಿದ್ದ. ಅವಳನ್ನು ಕಂಡು ಸಲಿಕೆ ನಿಲ್ಲಿಸಿದ.

"ಯಾಕೆ ಅಳಿಸ್ಲಿಲ್ಲ?" ಎಂದಳು ಬೊರಾಮ್. ಹೇಗಿದ್ದೀಯ ಎಂದೂ ಕೇಳಲಿಲ್ಲ.

ಸೊಕ್‌ಜುನ್ ಸಲಿಕೆಯನ್ನು ಗೋಡೆಗೆ ಒರಗಿಸಿದ.

"ಇಲ್ಲಿಗೆ ಬಂದ ಮೊದಲನೇ ವರ್ಷ ನಾನೂ ಪೂರ್ತಿ ಅಳಿಸಿದ್ದೆ. ಫೋನ್ ಬಂದ್ ಮಾಡಿಸ್ದೆ. ಪರೀಕ್ಷೆ ಮುಗಿಯೋವರೆಗೂ ಏನೇ ಆದ್ರೂ ನನ್ನ ಕರೀಬೇಡಿ ಅಂತ ಮನೇಲಿ ಹೇಳಿ ಬಂದೆ. ಅವ್ರು ಕರೀಲಿಲ್ಲ. ಪರೀಕ್ಷೆ ಬರ್ದು ಊರಿಗೆ ಹೋದ್ರೆ ಅಪ್ಪನ ಫೋಟೋಗೆ ಕಪ್ಪು ಪಟ್ಟಿ ಕಟ್ಟಿತ್ತು. ಗೋರಿಯ ಮಣ್ಣು ಕೂಡ ಒಣಗಿತ್ತು."

ಬೊರಾಮ್ ಒಂದು ಹೆಜ್ಜೆ ಹತ್ತಿರ ಬಂದಳು.

"ಆ ಸಲ ಪಾಸಾದ್ಯಾ?"

"ಇಲ್ಲ."

ಪಕ್ಕದ ಅಂಗಡಿಯಲ್ಲಿ ಯಾರೋ ಮೀನಿನ ತಲೆ ಕಡಿದರು.

"ಆವತ್ತಿಂದ, ಪೂರ್ತಿ ಅಳಿಸು ಅಂದ್ರೆ ನನ್ನ ಕೈ ಓಡಲ್ಲ," ಅಂದ. "ನೀನು ಫೇಲಾಗ್ತೀಯ ಅಂತ ಅಲ್ಲ. ಪಾಸಾದ್ರೂ ಬೇಕಾಗುತ್ತೆ ಅಂತ."

"ಹೇಳ್ಬಹುದಿತ್ತು."

"ಪರೀಕ್ಷೆಗೆ ಒಂದು ವಾರ ಇತ್ತು. ನಿನ್ನ ಓದು ಕೆಡುತ್ತೆ ಅಂತ ಸುಮ್ಮನಾದೆ."

"ಹೇಳದೇ ಇದ್ದಿದ್ದಕ್ಕೇ ಕೆಡ್ತು."

"ಗೊತ್ತು. ಲ್ಯಾಪ್‌ಟಾಪ್ ನಿಂದು, ಸುಳ್ಳು ನಂದು. ತಪ್ಪೇ."

ಅವನು ಕ್ಷಮಿಸು ಎನ್ನಲಿಲ್ಲ. ಅವಳೂ ಕ್ಷಮಿಸಿದೆ ಎನ್ನಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮಂಜಿನ ಪೆಟ್ಟಿಗೆಯಿಂದ ದೂರ, ಒಣ ಜಾಗ ನೋಡಿ ಇಟ್ಟಳು.

"ಕೆಲಸ ಸಿಕ್ಕಿದೆ. ಮ್ಯಾಕಿಗೆ ಜಾಗ ಸಾಲ್ತಿಲ್ಲ. ವಿಂಡೋಸ್ ತೆಗೀಬೇಕು."

"ಯಾವ ಅಂಗಡೀಲಾದ್ರೂ ತೆಗೀತಾರಲ್ಲ."

"ತೆಗೀತಾರೆ. ಪೂರ್ತಿ ಅಳಿಸು ಅಂದ್ರೆ ಪೂರ್ತಿ ಅಳಿಸಿಬಿಡ್ತಾರೆ." ಅವಳು ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದಳು. "ನಾನು ಸಿಟ್ಟಲ್ಲಿ ಏನೇನೋ ಅಳಿಸು ಅಂತೀನಿ ಸೊಕ್‌ಜುನ್. ಅದನ್ನ ಕೇಳದೇ ಇರೋರು ಒಬ್ರು ನನಗೆ ಬೇಕು."

ಸೊಕ್‌ಜುನ್ ಅವಳನ್ನೇ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಚಳಿಗೆ ಬಿರಿದು, ಮೀನಿನ ಹುರುಪೆ ಅಂಟಿದ್ದ ಕೈಗಳು.

"ಕೈ ವಾಸನೆ ಬರುತ್ತೆ," ಅಂದ.

"ತೊಳ್ಕೊಂಡು ಬಾ."

"ಹೊತ್ತಾಗುತ್ತೆ. ಇದು ಬೇಗ ಹೋಗಲ್ಲ."

ಬೊರಾಮ್ ಮಗುಚಿಟ್ಟಿದ್ದ ಒಂದು ಪೆಟ್ಟಿಗೆ ಎಳೆದುಕೊಂಡು ಕೂತಳು.

"ಪರೀಕ್ಷೆ ಮುಗೀಲಿ ಅಂದಾಗ್ಲೇ ಕಾದಿದ್ದೀನಿ. ಕೈ ತೊಳೆಯೋವರೆಗೂ ಕಾಯಲ್ವಾ?"