ಮಿನುಗು ನಿಲ್ಲಿಸಿ

ಗೂಬೆ ಫೋನಿನಲ್ಲಿ ನಗುತ್ತಿದ್ದ.

ಚುಕ್ಕಿ ಮೆಟ್ಟಿಲ ಮೇಲೆಯೇ ನಿಂತಳು. ಪಕ್ಕದ ಮೇಜಿನಲ್ಲಿ ಇಷ್ಟು ಕಾಲ ಕೂತವಳಿಗೆ ಅವನ ನಗು ಗೊತ್ತಿರದೆ ಇರುತ್ತದೆಯೇ? ಮೂಗಿನಿಂದ ಒಂದು ಸಣ್ಣ ಉಸಿರು, ತುಟಿಯ ಎಡತುದಿ ಕೂದಲೆಳೆಯಷ್ಟು ಮೇಲೆ, ಅಷ್ಟೇ. ಅಷ್ಟನ್ನು ಗಿಟ್ಟಿಸಲೂ ಅವಳು ಬೆಳಗಿನಿಂದ ಸಂಜೆಯವರೆಗೆ ಜೋಕು ಹೊಡೆಯಬೇಕಿತ್ತು. ಈಗ ಕೇಳುತ್ತಿರುವುದು ಹಲ್ಲು ಕಾಣುವ ನಗು.

"ನೀವು ಹೇಳೋದು ಸರಿ ಟೀಚರ್," ಎನ್ನುತ್ತಿದ್ದ. "ನಮ್ಮ ಆಟದ ಜೊತೆ ತಲೆನೋವಿನ ಮಾತ್ರೆನೂ ಕೊಡ್ಬೇಕು."

ಅವಳು ಚಪ್ಪಲಿಯನ್ನು ಬೇಕೆಂದೇ ಸದ್ದು ಮಾಡಿ ಬಿಟ್ಟಳು. ಅವನು ತಿರುಗಿದ, ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿದ, ಮತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡ. ಆ ಒಂದು ನಿಮಿಷ ಸುಮಾರು ಉದ್ದವಿತ್ತು.

ಅವನಿಗೆ ಗೂಬೆ ಎಂದು ಹೆಸರಿಟ್ಟದ್ದು ಅವನ ಅಕ್ಕ, ಕನ್ನಡಕದ ಹಿಂದಿನ ದುಂಡು ಕಣ್ಣು ನೋಡಿ. ಅವಳಿಗೆ ಚುಕ್ಕಿ ಎಂದದ್ದು ಅವನು. ಅವಳು ಬರೆಯುವುದು ಪಿಕ್ಸೆಲ್ ಚಿತ್ರ, ಚುಕ್ಕಿಯ ಪಕ್ಕ ಚುಕ್ಕಿ ಇಟ್ಟು ಕಟ್ಟುವಂಥದ್ದು. ಅವನದು ಕೋಡ್. ಕೆಳಗೆ ಅಕ್ಕನ ಟೈಲರಿಂಗ್, ಮೇಲಿನ ಕೋಣೆಯಲ್ಲಿ ಇವರಿಬ್ಬರ ಕಂಪನಿ; ಅದರಲ್ಲಿ ಇವರನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಅವರು ಕಟ್ಟುತ್ತಿದ್ದ ಕಂಪ್ಯೂಟರ್ ಆಟದಲ್ಲಿ ಒಬ್ಬ ದೋಣಿಯವನು ಕತ್ತಲೆಯ ಬಂದರಿನಲ್ಲಿ ಮನೆಯಿಂದ ಮನೆಗೆ ಹುಟ್ಟು ಹಾಕುತ್ತ ಹೋಗಿ ದೀಪ ಹಚ್ಚುತ್ತಾನೆ. ಬಂದರಿಡೀ ಬೆಳಗಿದಾಗ ಆಟ ಮುಗಿಯುತ್ತದೆ.

ಆಟದ ಮೊದಲ ಭಾಗವನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ದೀಪಗಳು ಉಸಿರಾಡುತ್ತವೆ ಎಂದು ಆಡಿದವರು ಬರೆದಾಗ ಚುಕ್ಕಿ ಅದನ್ನು ಗೂಬೆಗೆ ಓದಿ ಹೇಳಿ, ಅವನು ಕೇಳಿಸಿಕೊಂಡನೋ ಇಲ್ಲವೋ ಎಂದು ಇನ್ನೊಮ್ಮೆ ಓದಿದ್ದಳು. ಒಬ್ಬರು ಮಾತ್ರ ಬೇರೆ ಬರೆದಿದ್ದರು. ಈ ದೋಣಿಯವನು ನನಗೆ ತುಂಬಾ ಇಷ್ಟ, ಆದರೆ ಸ್ವಲ್ಪ ಹೊತ್ತು ಅವನ ಜೊತೆ ಇದ್ದರೆ ಕಣ್ಣು ಉರಿದು ತಲೆ ಸಿಡಿಯುತ್ತದೆ, ನನಗೆ ಮೈಗ್ರೇನ್ ಇದೆ, ಏನಾದರೂ ಮಾಡಲಿಕ್ಕಾಗುತ್ತದೆಯೇ ಎಂದು. ಬರೆದವರು ಸಂಗೀತದ ಟೀಚರಂತೆ. ಗೂಬೆ ಉತ್ತರ ಬರೆದ. ಉತ್ತರ ಫೋನಾಯಿತು. ಇದೇ ಊರಿನವರು ಎಂದು ಗೊತ್ತಾದ ಮೇಲೆ ಫೋನು ಶನಿವಾರದ ಮಧ್ಯಾಹ್ನದ ಭೇಟಿಯಾಯಿತು.

ಟೀಚರ್ ಎಂದಾಗ ಚುಕ್ಕಿ ನರೆತ ತಲೆಯ, ಮೊಣಕಾಲು ನೋವಿನ ಯಾರನ್ನೋ ಕಲ್ಪಿಸಿಕೊಂಡು ಸಮಾಧಾನದಲ್ಲಿದ್ದಳು. ಬಂದವಳಿಗೆ ತನ್ನದೇ ವಯಸ್ಸು. ಕೋಣೆಯೊಳಗೂ ತಂಪು ಕನ್ನಡಕ, ನಗುವಾಗ ಮಾತ್ರ ಅದನ್ನು ಹಣೆಗೇರಿಸುವ ಅಭ್ಯಾಸ. ಚುಕ್ಕಿ ಬಾಯಲ್ಲಿ ಬನ್ನಿ ಕೂತ್ಕೊಳ್ಳಿ ಎಂದಳು. ಮನಸ್ಸಿನಲ್ಲಿ ಬಹುವಚನ ಬರಲಿಲ್ಲ.

ಗೂಬೆ ಆಟದ ಮೆನುವಿನಲ್ಲಿ ಹೊಸದೊಂದು ಪುಟ ತೆರೆದ. ಪರದೆ ಅಲುಗಾಟ ನಿಲ್ಲಿಸಿ. ಹಿನ್ನೆಲೆ ಮಂಕು ಮಾಡಿ. ಅಕ್ಷರ ದೊಡ್ಡದು ಮಾಡಿ. ಪ್ರತಿ ಶನಿವಾರ ಒಂದು ಸಾಲು ಸೇರುತ್ತಿತ್ತು, ಪ್ರತಿ ಸಾಲಿಗೂ ಚುಕ್ಕಿ ತಾನು ಬರೆದದ್ದನ್ನು ಇನ್ನೊಮ್ಮೆ ಬರೆಯಬೇಕಿತ್ತು. ಅಕ್ಷರದ ವಿಷಯಕ್ಕೆ ಅವಳಿಗೆ ಅಳುವೇ ಬಂತು. ಎಂಟು ಚುಕ್ಕಿ ಎತ್ತರದೊಳಗೆ ತಲೆಕಟ್ಟು, ಕೊಂಬು, ಒತ್ತು ಎಲ್ಲವನ್ನೂ ಕೂರಿಸಿದ್ದಳು. ಅದು ಮುಗಿದ ದಿನ ಗೂಬೆ ಬಗ್ಗಿ ನೋಡಿ, ಮುತ್ತು ಪೋಣಿಸಿದ ಹಾಗಿದೆ ಎಂದಿದ್ದ. ಈಗ ಟೀಚರ್ ಅದೇ ಅಕ್ಷರ ನೋಡಿ, ಒತ್ತಕ್ಷರಗಳೆಲ್ಲ ಸಕ್ಕರೆ ಡಬ್ಬಿ ಕೆಳಗಿನ ಇರುವೆ ಥರ ಇವೆ ಎಂದಾಗ ಅವನು ನಕ್ಕ. ಹಲ್ಲು ಬಿಟ್ಟು ನಕ್ಕ.

ಚುಕ್ಕಿ ಅಕ್ಷರಗಳನ್ನು ದೊಡ್ಡದಾಗಿ ಬರೆದಳು. ಚೆನ್ನಾಗಿಯೇ ಬಂದವು. ಓದಲು ತನ್ನ ಕಣ್ಣಿಗೂ ಹಾಯೆನಿಸಿತು. ಅದು ಇನ್ನಷ್ಟು ಹೊಟ್ಟೆ ಉರಿಸಿತು.

ಕಿಟಕಿಗೆ ಪರದೆ ಬಂತು. ಎಷ್ಟೋ ಬೇಸಿಗೆಯಿಂದ ಅವಳು ಕೇಳಿದ್ದ ಪರದೆ, ಈಗ ಟೀಚರ್ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು ಒಂದೇ ದಿನದಲ್ಲಿ ಬಂತು. ಹೊಲಿದವಳು ಅಕ್ಕ. ತೂಗುಹಾಕಲು ಸ್ಟೂಲು ಹತ್ತಿದವಳು ಚುಕ್ಕಿಯ ಮುಖ ನೋಡಿ, "ಹಾಗೆ ದುರುಗುಟ್ಟಬೇಡ್ವೇ, ಹೊಸಾ ಬಟ್ಟೆ, ಸುಟ್ಟು ತೂತಾಗುತ್ತೆ," ಎಂದಳು. ಗೂಬೆ ಮೇಜಿನಿಂದ ತಲೆಯೆತ್ತಿ ಏನಾಯಿತು ಎಂದು ಕೇಳಿದ. ಅಕ್ಕ ಅವನಿಗೆ ನಿನ್ನ ಕೆಲಸ ನೋಡಪ್ಪ ಎಂದು ಹೇಳಿ, ಗೂಬೆಗೆ ಹಗಲು ಕಣ್ಣು ಕಾಣುವುದಿಲ್ಲವಂತೆ ಎಂದು ಪರದೆಗೆ ಹೇಳುವ ಹಾಗೆ ಹೇಳಿದಳು.

ಕೊನೆಗೆ ಉಳಿದದ್ದು ದೀಪ. ಮೆನುವಿನ ಸಾಲು: ಮಿನುಗು ನಿಲ್ಲಿಸಿ. ಅದನ್ನು ಒತ್ತಿದರೆ ಮಿನುಗುವ ದೀಪದ ಬದಲು ಅಲುಗದೆ ನಿಂತ ದೀಪದ ಚಿತ್ರ ಬರಬೇಕು, ಅದನ್ನು ಬರೆದುಕೊಡು ಎಂದು ಗೂಬೆ ಕೇಳಿದ. ಮಿನುಗದ ದೀಪ ಅಂದರೆ ಹಳದಿ ಬಳಿದ ಡಬ್ಬಿ ಎಂದು ಚುಕ್ಕಿ ವಾದಿಸಿದಳು. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಹೇಳಿದ:

"ಟೀಚರ್‌ಗೆ ಆಗಲ್ಲ ಚುಕ್ಕಿ."

ಆಡುವವರಿಗೆ ಆಗಲ್ಲ ಎಂದಿದ್ದರೆ ಬರೆದುಕೊಡುತ್ತಿದ್ದಳೋ ಏನೋ.

ಅವಳು ಒಂದು ದೀಪ ಬರೆದಳು. ನೋಡಲು ನಿಂತೇ ಇತ್ತು. ಆದರೆ ಅದರೊಳಗೆ ಎರಡು ಹಳದಿ, ಒಂದಕ್ಕೊಂದು ಅವಳಿ ಮಕ್ಕಳಷ್ಟು ಹತ್ತಿರದವು, ಒಂದು ಹೋಗಿ ಇನ್ನೊಂದು ಬರುತ್ತಿದ್ದವು. ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿದರೂ ಸರಿಯಾಗಿ ಕಾಣದು. ಇಷ್ಟರಿಂದ ಯಾರ ತಲೆಯೂ ನೋಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ಟೀಚರ್ ಮೆನುವಿನಲ್ಲಿ ಏನೇ ಒತ್ತಿದರೂ ನನ್ನ ದೀಪ ನಿಲ್ಲುವುದಿಲ್ಲ ಎನ್ನುವ ಮಾತನ್ನು ಹೇಳಿಕೊಳ್ಳಲಿಲ್ಲ, ಆದರೆ ಅದು ಮನಸ್ಸಿನಲ್ಲಿತ್ತು. ನಿಂತ ದೀಪ ತಗೋ ಎಂದು ಕೊಟ್ಟಳು. ಗೂಬೆ ನೋಡದೆಯೇ ಆಟಕ್ಕೆ ಸೇರಿಸಿದ. ಅವಳು ಕೊಟ್ಟದ್ದನ್ನು ಅವನು ಯಾವತ್ತೂ ಪರೀಕ್ಷೆ ಮಾಡಿದವನಲ್ಲ.

ಆ ಶನಿವಾರ ಟೀಚರ್ ಮೊದಲ ಸಲ ಆಟದ ಕೊನೆಯವರೆಗೆ ಹೋದಳು. ಕನ್ನಡಕ ತೆಗೆದಿಟ್ಟು, ಇವತ್ತು ಕಣ್ಣಿಗೆ ತಂಗಾಳಿ ಬಂದ ಹಾಗಿದೆ ಎನ್ನುತ್ತ ದೋಣಿ ನಡೆಸಿದಳು. ಗೂಬೆ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಚುಕ್ಕಿ ಆ ಕೈಯನ್ನು, ಕುರ್ಚಿಯನ್ನು, ಕುರ್ಚಿಗೂ ಹೆಗಲಿಗೂ ನಡುವೆ ಉಳಿದಿದ್ದ ಜಾಗವನ್ನು ಅಳೆಯುತ್ತಿದ್ದಳು. ಆದ್ದರಿಂದ ಪರದೆ ನೋಡುವುದು ತಡವಾಯಿತು.

ಕೊನೆಯ ದೃಶ್ಯದಲ್ಲಿ ಬಂದರಿಡೀ ದೀಪ. ಪ್ರತಿ ಕಿಟಕಿಯಲ್ಲಿ, ಪ್ರತಿ ಹಡಗಿನಲ್ಲಿ, ನೀರಿನೊಳಗಿನ ನೆರಳಿನಲ್ಲಿ, ಎಲ್ಲೆಲ್ಲೂ ಚುಕ್ಕಿ ಕೊಟ್ಟ ಒಂದೇ ಚಿತ್ರದ ನಕಲು. ಎಲ್ಲವೂ ಒಂದೇ ಗಳಿಗೆಗೆ ಬಣ್ಣ ಬದಲಿಸುತ್ತಿದ್ದವು. ಅವಳು ಬರೆಯುವಾಗ ಒಂದೇ ದೀಪವನ್ನು ಪರದೆ ತುಂಬುವಷ್ಟು ಹಿಗ್ಗಿಸಿಕೊಂಡು ಬರೆಯುವವಳು; ಇಡೀ ಬಂದರನ್ನು ಒಟ್ಟಿಗೆ ನೋಡಿಯೇ ಇರಲಿಲ್ಲ. ಒಂಟಿಯಾಗಿ ಕಾಣದ ಮಿನುಗು ಈಗ ಪರದೆಯನ್ನೇ ರೆಪ್ಪೆ ಮಾಡಿಕೊಂಡು ಬಡಿಯುತ್ತಿತ್ತು.

ಟೀಚರ್ ಹಣೆ ಒತ್ತಿಕೊಂಡಳು. ಒಂದು ಕಡೆ ಏನೂ ಕಾಣ್ತಿಲ್ಲ ಎಂದಳು, ಮಾತು ತೊದಲುತ್ತಿತ್ತು. ಆಮೇಲೆ ಕಸದ ಬುಟ್ಟಿ ಹಿಡಿದುಕೊಂಡು ವಾಂತಿ ಮಾಡಿದಳು.

ಅಕ್ಕ ಬಂದು ಅವಳನ್ನು ತಬ್ಬಿ ಹಿಡಿದು ಕೆಳಗೆ ಇಳಿಸಿದಳು. ಒಳಕೋಣೆಯಲ್ಲಿ ಮಲಗಿಸಿ ಕಿಟಕಿಗಳನ್ನು ಮುಚ್ಚಿದಳು. ಮೇಲೆ ಗೂಬೆ ಮುಖ ಬಿಳಿಚಿಕೊಂಡು ಕೋಡ್ ತೆರೆದು ಕೂತ. ತಪ್ಪು ತನ್ನದೇ, ಬಟನ್ ಎಲ್ಲೋ ಕೆಲಸ ಮಾಡುತ್ತಿಲ್ಲ ಎಂದು ಒಂದೊಂದೇ ಸಾಲು ಹುಡುಕತೊಡಗಿದ. ಚಿತ್ರವನ್ನು ತೆರೆದು ನೋಡಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕು ಬಾಯಿ ಒಣಗಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಹೇಳಿದರೆ ಅವನು ಇನ್ನೆಂದೂ ತನ್ನನ್ನು ನಂಬಲಾರ. ಹೇಳದಿದ್ದರೆ ಹೀಗೆಯೇ ತನ್ನನ್ನು ತಾನು ಬೈದುಕೊಳ್ಳುತ್ತ ಕೂರುತ್ತಾನೆ.

ಅಕ್ಕ ಕೆಳಗಿನಿಂದ ಕರೆದಳು. ಅಳತೆ ಕೊಡಲು ಯಾರೋ ಬಂದಿದ್ದಾರೆ, ನೀನು ಸ್ವಲ್ಪ ಹೊತ್ತು ಟೀಚರ್ ಹತ್ತಿರ ಕೂರು ಎಂದಳು.

ಕತ್ತಲಲ್ಲಿ ಚುಕ್ಕಿ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದಳು.

"ಯಾರು, ಚುಕ್ಕಿನಾ?" ಟೀಚರ್ ದನಿ ಪಿಸುಮಾತಿಗಿಂತ ಕೆಳಗಿತ್ತು. "ಇವತ್ತು ಆಟ ಮುಗಿದ ಮೇಲೆ ಅವ್ರನ್ನ ಒಂದು ಮಾತು ಕೇಳೋಣ ಅಂತಿದ್ದೆ. ಈ ಹಾಳು ತಲೆ ಬಿಡ್ಲಿಲ್ಲ."

"ಏನು ಮಾತು?"

"ನನ್ನ ಜೊತೆ ಎಲ್ಲಾದ್ರೂ ಹೊರಗೆ ಬರ್ತೀರಾ ಅಂತ. ಕಂಪ್ಯೂಟರ್ ಇಲ್ಲದ ಕಡೆಗೆ."

ಚುಕ್ಕಿ ಬಟ್ಟೆ ಹಿಂಡುತ್ತಿದ್ದಳು. ನೀರು ತೊಟ್ಟಿಕ್ಕುವುದು ನಿಂತಿತು.

"ಕೈ ನಿಂತೋಯ್ತಲ್ಲ," ಎಂದಳು ಟೀಚರ್. "ಹಾಗಾದ್ರೆ ನನ್ನ ಅನುಮಾನ ಸರಿ. ನೋಡಿ, ಈಗ ಊಹೆ ಮಾಡೋಷ್ಟು ಜಾಗ ನನ್ನ ತಲೇಲಿಲ್ಲ. ಹೋಗಿ ಹೇಳ್ಬಿಡಿ. ನಿಮ್ಮದೂ ಹೇಳಿ, ನನ್ನದೂ ಹೇಳಿ. ಅವ್ರು ಏನಾದ್ರೂ ಹೇಳ್ಲಿ. ಶನಿವಾರ ಬಂದ್ರೆ ನೀವು ಕಣ್ಣಲ್ಲೇ ನನ್ನ ಬೆನ್ನು ಸುಡೋದಾದ್ರೂ ತಪ್ಪುತ್ತೆ."

ಚುಕ್ಕಿಗೆ ಅಲ್ಲಿಯೇ ದೀಪದ ವಿಷಯ ಹೇಳಬೇಕೆನಿಸಿತು. ಧೈರ್ಯ ಸಾಲಲಿಲ್ಲ. ಮೊದಲು ಅವನಿಗೆ ಹೇಳಬೇಕು ಎಂದುಕೊಂಡು ಎದ್ದಳು.

ಗೂಬೆ ಇನ್ನೂ ಹುಡುಕುತ್ತಿದ್ದ. ಎಲ್ಲವೂ ಸರಿಯಾಗಿಯೇ ಇದೆ, ಆದರೂ ಹೇಗಾಯಿತು ಗೊತ್ತಿಲ್ಲ ಎಂದ.

"ಕೋಡಲ್ಲಿಲ್ಲ," ಎಂದಳು. "ದೀಪದಲ್ಲಿದೆ."

ಅವನ ಮೌಸ್ ತೆಗೆದುಕೊಂಡು ಚಿತ್ರ ತೆರೆದಳು. ಎರಡು ಹಳದಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಳು. ಅವನು ಕನ್ನಡಕ ತೆಗೆದ. ಅದಿಲ್ಲದೆ ಅವನ ಕಣ್ಣು ಚಿಕ್ಕದಾಗಿ, ಹೊದಿಕೆ ಜಾರಿದ ಮಗುವಿನ ಹಾಗೆ ಕಾಣುತ್ತಿತ್ತು.

"ಗೊತ್ತಿದ್ದೂ ಕೊಟ್ಟೆ."

"ಗೊತ್ತಿದ್ದೂ ಕೊಟ್ಟೆ."

"ಯಾಕೆ?"

ಕಲೆ, ಉಸಿರು, ದೀಪದ ಜೀವ ಎಂದೆಲ್ಲ ಹೇಳಬಹುದಿತ್ತು. "ಹೊಟ್ಟೆಕಿಚ್ಚಿಗೆ," ಎಂದಳು.

ಅವನು ಬೈಯಲಿಲ್ಲ. ಪರದೆಯನ್ನೇ ನೋಡುತ್ತ, "ನಿಲ್ಲಿಸಿ ಅಂತ ಬರೆದಿದ್ದೀವಿ ಚುಕ್ಕಿ. ಅದನ್ನ ನಂಬಿ ಒತ್ತಿದೋರಿಗೆ ನಾವು ಸುಳ್ಳು ಹೇಳ್ದಂಗಾಯ್ತು," ಎಂದ. ನೀನು ಎನ್ನದೆ ನಾವು ಎಂದದ್ದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

"ಇನ್ನೂ ಎರಡಿದೆ, ಕೇಳ್ಕೋ," ಎಂದಳು. "ಟೀಚರ್‌ಗೆ ನೀನಂದ್ರೆ ಇಷ್ಟ. ಹೊರಗೆ ಕರೀಬೇಕು ಅಂತಿದ್ರಂತೆ. ಹೇಳು ಅಂತ ಅವ್ರೇ ಕಳ್ಸಿದ್ರು. ನಂಗೂ ಇಷ್ಟ. ನನ್ನದು ಹಳೇದು."

ಕೆಳಗೆ ಹೊಲಿಗೆ ಮೆಷಿನ್ ನಿಂತಿತು. ಮತ್ತೆ ಓಡಿತು. ಗೂಬೆ ಕನ್ನಡಕ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

"ಟೀಚರ್ ಹತ್ರ ಎರಡು ಸಲ ಕ್ಷಮೆ ಕೇಳ್ಬೇಕು," ಎಂದ. "ದೀಪಕ್ಕೊಂದು. ನಂಗೆ ಅವ್ರ ಮೇಲೆ ಆ ಥರ ಏನೂ ಇಲ್ಲ ಅನ್ನೋದಕ್ಕೊಂದು."

"ಮತ್ತೆ ಅವ್ರ ಜೊತೆ ಅಷ್ಟು ನಗ್ತೀಯಲ್ಲ."

"ಅವ್ರ ಮುಂದೆ ಸುಲಭ. ನಿನ್ನ ಮುಂದೆ ನಗೋಕೆ ಹೋದ್ರೆ ಮುಖ ಎಲ್ಲಾ ಹೇಳ್ಬಿಡುತ್ತೆ. ಅದಕ್ಕೆ ತಡ್ಕೊಂಡಿರ್ತೀನಿ." ಕನ್ನಡಕ ಏರಿಸಿಕೊಂಡ. "ಕೋಪ ಬಂದಿದೆ ಮಾತ್ರ. ತುಂಬಾ. ಸುಮಾರು ದಿನ ಇರಬಹುದು."

"ಇರ್ಲಿ. ಪಕ್ಕದ ಮೇಜಲ್ಲೇ ಇರ್ತೀನಿ. ಬೇಕಾದಾಗ ಬೈಯಿ."

ಆಗ ಅವನು ಅವಳನ್ನು ನೋಡಿದ. ಯಾವಾಗಲೂ ಅವನ ನೋಟ ಅವಳ ಕಿವಿಯ ಹತ್ತಿರ ಎಲ್ಲೋ ಇಳಿದು ಪರದೆಗೆ ವಾಪಸಾಗುತ್ತಿತ್ತು. ಈ ಸಲ ವಾಪಸಾಗಲಿಲ್ಲ. ಕೋಪವೂ ಇತ್ತು, ಇಷ್ಟು ಕಾಲ ಅದುಮಿಟ್ಟದ್ದೂ ಇತ್ತು. ಎರಡೂ ಒಂದೇ ಕಣ್ಣಿನಲ್ಲಿ ಜಾಗಕ್ಕೆ ಜಗಳವಾಡುತ್ತಿದ್ದವು. ಮೊದಲು ಕಣ್ಣು ತಗ್ಗಿಸಿದವಳು ಅವಳೇ.

"ನಡಿ," ಎಂದ. "ದೀಪದ್ದು ನೀನು ಹೇಳು. ಇನ್ನೊಂದು ನಾನು ಹೇಳ್ತೀನಿ."

ಸದ್ದಾಗಬಾರದೆಂದು ಬರಿಗಾಲಲ್ಲಿ ಇಳಿದರು. ಅಕ್ಕ ಮೆಟ್ಟಿಲ ಬಳಿಯ ಬೆಳಕನ್ನೂ ಆರಿಸಿದ್ದಳು. ಮರದ ಮೆಟ್ಟಿಲು ಕಿರುಗುಟ್ಟುತ್ತಿತ್ತು. ಅರ್ಧ ದಾರಿಯಲ್ಲಿ ಅವನ ಕೈ ಕತ್ತಲಲ್ಲಿ ಅವಳ ಕೈ ಹುಡುಕಿತು. ಹಿಡಿತ ಗಟ್ಟಿಯಾಗಿತ್ತು, ಸ್ವಲ್ಪ ನೋಯುವಷ್ಟು. ಅವಳು ಬಿಡಿಸಿಕೊಳ್ಳಲಿಲ್ಲ.

ಅಕ್ಕನ ಹೊಲಿಗೆ ಮೆಷಿನ್ ಕಡೆಯ ಬೆಳಕು ತೆರೆದ ಬಾಗಿಲಿನಲ್ಲಿ ಸಣ್ಣಗೆ ಬರುತ್ತಿತ್ತು. ಚುಕ್ಕಿ ಮಂಚದ ಪಕ್ಕ ಕೂತು, ಏನನ್ನೂ ಬಿಡದೆ, ಯಾವ ನೆಪವನ್ನೂ ಸೇರಿಸದೆ ಹೇಳಿದಳು. ಟೀಚರ್ ಹಣೆಯ ಬಟ್ಟೆ ಸರಿಸಲಿಲ್ಲ.

"ಅದಕ್ಕೆ ಬೈಗುಳ ಮುಂದಿನ ಶನಿವಾರ," ಎಂದಳು ಕೊನೆಗೆ. "ಇವತ್ತು ಬೈದ್ರೆ ನನಗೇ ನೋವು. ಅಷ್ಟರಲ್ಲಿ ಆ ದೀಪ ನಿಂತಿರ್ಬೇಕು."

"ನಿಂತಿರುತ್ತೆ," ಎಂದಳು ಚುಕ್ಕಿ.

ಗೂಬೆ ಗಂಟಲು ಸರಿಮಾಡಿಕೊಂಡ. "ಟೀಚರ್, ಇನ್ನೊಂದು ವಿಷಯ ಇದೆ."

"ಹೇಳ್ಬೇಡಿ. ನಾನು ಹೊಟ್ಟೆ ಹೊರೆಯೋದೇ ಈ ಕಿವಿಯಿಂದ. ಮೆಟ್ಟಿಲು ಇಳಿದು ಬಂದ್ರಲ್ಲ, ನಾಲ್ಕು ಕಾಲು, ಒಂದೇ ತಾಳ." ಟೀಚರ್ ಗೋಡೆಯ ಕಡೆ ಹೊರಳಿದಳು. ಆ ದನಿಯ ತುದಿಗೆ ಅಂಟಿದ್ದ ಕಹಿ ಚುಕ್ಕಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು.

"ಬಾಗಿಲು ಹಾಕ್ಕೊಂಡು ಹೋಗಿ," ಎಂದಳು ಟೀಚರ್. "ಬೆಳಕು ಬರ್ತಿದೆ."