ಅಕ್ಕನ ಪಟಕ್ಕೆ ಹಾಕಿದ ಕ್ರೋಶಾ ಮಾಲೆ

ಕಾಗೆಗಳಿಗೆ ಇನ್ನೂ ಬಣ್ಣ ಹಚ್ಚಿರಲಿಲ್ಲವಂತೆ, ಅಷ್ಟು ಹಿಂದಿನ ಮಾತು. ಹೊನ್ನೇರಿ ಎಂಬ ರಾಜ್ಯದಲ್ಲಿ ಚೆಲುವ ಎಂಬ ತರುಣನೂ ಅವನ ಅಕ್ಕ ಸಣ್ಣತಾಯಿಯೂ ಇದ್ದರು. ರಾಜ್ಯ ಅಂದ ಮೇಲೆ ರಾಜನೂ ಇದ್ದ. ಆದರೆ ಅವನು ಊಟಕ್ಕೆ ಕೂತರೆ ಏಳುತ್ತಿರಲಿಲ್ಲ, ಎದ್ದರೆ ನೇರವಾಗಿ ನಿದ್ದೆಗೆ ಹೋಗುತ್ತಿದ್ದ. ಅವನನ್ನು ಎಬ್ಬಿಸುವುದು ಬೇಡ.

ಚೆಲುವ ಎರಡು ವರ್ಷದ ಕೂಸಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಆಗ ಸಣ್ಣತಾಯಿಗೆ ಹನ್ನೆರಡು. ಅವಳು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಳು, ಅಮ್ಮನ ಕ್ರೋಶಾ ಕಡ್ಡಿಯನ್ನು ಕೈಗೆ ತೆಗೆದುಕೊಂಡಳು, ಹೆಣೆದು ಮಾರಿ ಅವನನ್ನು ಸಾಕಿದಳು. ನೋಡಲು ಬಂದ ಗಂಡುಗಳಿಗೆಲ್ಲ "ತಮ್ಮನೂ ನನ್ನ ಜೊತೆ ಬರ್ತಾನೆ" ಎಂದಳು. ಬಂದವರು ಪಾನಕ ಕುಡಿದು ಎದ್ದು ಹೋದರು. ಅವಳು ಲೋಟ ತೊಳೆದಿಟ್ಟು ಮತ್ತೆ ಹೆಣೆಯಲು ಕೂತಳು. ತಮ್ಮ ದೊಡ್ಡವನಾದ ಮೇಲೆ ಅವನಿಗೂ ಕಡ್ಡಿ ಹಿಡಿಯುವುದನ್ನು ಕಲಿಸಿದಳು.

ಅವರ ಮನೆಯನ್ನು ನೀವು ನೋಡಬೇಕಿತ್ತು. ನೀರಿನ ಹೂಜಿಗೆ ಅಂಚಿನಲ್ಲಿ ಮಣಿ ಕಟ್ಟಿದ ಮುಸುಕು, ಮರದ ಪೆಟ್ಟಿಗೆಗೆ ಹೊದಿಕೆ, ಬಾಗಿಲಿಗೆ ತೋರಣ, ದೀಪದ ಕೆಳಗೆ ದುಂಡನೆಯ ಹಾಸು, ಎಲ್ಲವೂ ಕ್ರೋಶಾ. ಎದುರುಮನೆಯ ದ್ಯಾವಮ್ಮ, "ಬೆಕ್ಕು ಒಂದು ಗಳಿಗೆ ಅಲ್ಲಾಡದೆ ಕೂತ್ರೆ ಅದಕ್ಕೂ ಒಂದು ಹಾಕ್ಬಿಡ್ತೀರಾ ನೀವು!" ಎಂದು ನಗುತ್ತಿದ್ದಳು. ಗಾಜಿನ ಗೂಡಿನಲ್ಲಿ ಒಂದು ಪುಟ್ಟ ಕುಲಾವಿ ಇತ್ತು. ಅಮ್ಮ ಹೆಣೆದದ್ದರಲ್ಲಿ ಉಳಿದದ್ದು ಅದೊಂದೇ. ಅಕ್ಕ ತಮ್ಮ ಇಬ್ಬರ ತಲೆಯೂ ಅದರೊಳಗೆ ಬೆಚ್ಚಗಿದ್ದದ್ದು ಉಂಟು.

ಗೋಡೆಯ ಮೇಲೆ ಪಟಗಳು. ಆ ಕಾಲದಲ್ಲಿ ಫೋಟೋ ಎಲ್ಲಿಂದ ಬಂತು ಎಂದು ಕೇಳುವವರು ಕತೆ ಮುಗಿದ ಮೇಲೆ ಕೇಳಿ, ಅಷ್ಟರಲ್ಲಿ ನಾನು ಎದ್ದು ಹೋಗಿರುತ್ತೇನೆ. ಅಪ್ಪ ಅಮ್ಮನ ಪಟಗಳಿಗೆ ಹೂವಿನ ಹಾರ. ನಡುವಿನ ಅಕ್ಕನ ಪಟಕ್ಕೆ ಹಾರವಿಲ್ಲ. ಬದುಕಿರುವವರ ಪಟಕ್ಕೆ ಯಾರಾದರೂ ಹಾರ ಹಾಕುತ್ತಾರೆಯೇ? ಆ ಪಟದ ಹಿಂದೆ ಒಂದು ಮುದಿ ಹಲ್ಲಿ ವಾಸವಾಗಿತ್ತು.

ಊರ ಪಕ್ಕದ ಹೊಳೆಯಾಚೆಯ ಕರಿಬೆಟ್ಟದ ಮೇಲೆ ಬೂದುಗಣ್ಣ ಎಂಬ ಮಾಂತ್ರಿಕನಿದ್ದ. ನೆಂಟರಿಲ್ಲ, ಇಷ್ಟರಿಲ್ಲ, ಗೋಡೆಯ ಮೇಲೆ ಒಂದು ಪಟವಿಲ್ಲ. ನಗು ಕೇಳಿಬರುವ ಮನೆ ಕಂಡರೆ ಅವನಿಗೆ ಹೊಟ್ಟೆಯುರಿ. ಸುಂಟರಗಾಳಿ ಕಳಿಸಿ ಆ ಮನೆಯವರನ್ನು ಎತ್ತಿಸಿಕೊಂಡು ಹೋಗಿ ಕಲ್ಲಾಗಿ ಕೂರಿಸುತ್ತಿದ್ದ. ಹಾಗೆ ಏಳು ಜನ ಹೋಗಿದ್ದರು. ದ್ಯಾವಮ್ಮನ ಗಂಡ ಮಾದಯ್ಯನೂ ಅವರಲ್ಲೊಬ್ಬ. ಎಂಟನೆಯವಳಾಗಿ, ಬಾವಿಕಟ್ಟೆಯಿಂದ ಕೊಡ ಹೊತ್ತು ಬರುತ್ತಿದ್ದ ಸಣ್ಣತಾಯಿಯನ್ನು ಗಾಳಿ ಹೊತ್ತೊಯ್ದಿತು. ಕೊಡವೊಂದೇ ಉರುಳಿಕೊಂಡು ಮನೆಗೆ ಬಂತು.

ಚೆಲುವ ಪಟದ ಮುಂದೆ ಬಿದ್ದು ಅತ್ತ. ಆಗ ಹಲ್ಲಿ ಹೊರಗೆ ತಲೆ ಹಾಕಿ ಮಾತಾಡಿತು.

"ಲೊಚ್! ಅಳಬೇಡ ಕಣಪ್ಪ. ನಿನ್ನಕ್ಕ ಬದುಕಿದಾಳೆ. ವರ್ಷ ತುಂಬೋ ದಿನ ದೀಪ ಹಚ್ಚೋ ಹೊತ್ತಿನವರೆಗೂ ಈ ಪಟಕ್ಕೆ ಹಾರ ಬೀಳದಿದ್ರೆ ಅವನು ಅವಳನ್ನ ಬಿಡಲೇಬೇಕು. ಒಬ್ಬರು ವಾಪಸ್ ಬಂದ್ರೆ ಸಾಕು, ಅವನ ಮಂತ್ರವೆಲ್ಲ ಮುರಿದು ಬೀಳುತ್ತೆ. ಆದ್ರೆ ಮನೆಯವರೇ ಕೈಯಾರೆ ಹಾರ ಹಾಕಿದ್ರೆ ಅವಳು ಅವನ ಪಾಲು."

"ನನ್ನ ಕೈ ಕತ್ತರಿಸಿಕೊಂಡೇನು, ಹಾರ ಹಾಕಲ್ಲ" ಎಂದ ಚೆಲುವ.

ಮೂರು ತಿಂಗಳಿಗೆ ಬೂದುಗಣ್ಣ ಹೂವಾಡಗಿತ್ತಿಯ ವೇಷದಲ್ಲಿ ಬಂದ. "ಮಲ್ಲಿಗೆ ಹಾರ ಕಣಪ್ಪ, ದುಡ್ಡು ಬೇಡ. ಅಕ್ಕನ ಪಟ ಬರಿದಾಗಿದೆಯಲ್ಲ" ಎಂದ. ದ್ಯಾವಮ್ಮ ಮೋಸ ಹೋದದ್ದು ಇದೇ ಮಾತಿಗೆ, ಇದೇ ಮಲ್ಲಿಗೆಗೆ. ಚೆಲುವ "ನಮ್ಮಕ್ಕ ಬರ್ತಾಳೆ" ಎಂದು ಬಾಗಿಲು ಹಾಕಿಕೊಂಡ.

ಆರು ತಿಂಗಳಿಗೆ ಬೂದುಗಣ್ಣ ಜಂಗಮನ ವೇಷದಲ್ಲಿ ಬಂದ. ಅಕ್ಕನ ಒಡೆದ ಬಳೆಚೂರು ತೋರಿಸಿ, "ಹೊಳೆದಂಡೇಲಿ ಸಿಕ್ತು ಮಗಾ. ಹಾರ ಹಾಕಿ ಆ ಜೀವಕ್ಕೆ ಶಾಂತಿ ಕೊಡು" ಎಂದ. ಚೆಲುವನ ಎದೆ ಒಡೆಯಿತು, ಆದರೆ ಕೈ ಏಳಲಿಲ್ಲ. "ನಮ್ಮಕ್ಕ ಬರ್ತಾಳೆ" ಎಂದು ಬಾಗಿಲು ಹಾಕಿಕೊಂಡ.

ಮೂರನೆಯ ಸಲ ಬೂದುಗಣ್ಣ ಬರಲೇ ಇಲ್ಲ. ಬರುವ ಅಗತ್ಯವೇ ಬೀಳಲಿಲ್ಲ.

ವರ್ಷ ತುಂಬುವ ದಿನ ಬೆಳಗ್ಗೆ ಚೆಲುವ ಎದ್ದು ಮನೆ ಸಾರಿಸಿದ. ಪಟಗಳ ಗಾಜು ಒರೆಸಿದ. ಹೂಜಿಯ ಮುಸುಕು ಒಗೆದು ಹಾಕಿದ. ಇವತ್ತು ಸಂಜೆ ಅಕ್ಕ ಬರುತ್ತಾಳೆ! ಅವಳಿಗೆಂದು ಅವನು ವರ್ಷವಿಡೀ ಗುಟ್ಟಾಗಿ ಒಂದು ಹೆಣಿಗೆ ಮಾಡಿದ್ದ. ಬಿಳಿ ನೂಲಿನಲ್ಲಿ ಸಾಲುಸಾಲಾಗಿ ಮಲ್ಲಿಗೆ ಮೊಗ್ಗು. ಅಕ್ಕ ಸೊಂಟದ ಮೇಲೆ ಹೊತ್ತದ್ದಕ್ಕೆ ಒಂದು, ತಾನು ಉಣ್ಣದೆ ಉಣಿಸಿದ್ದಕ್ಕೆ ಒಂದು, ದಡಾರವೆದ್ದಾಗ ಬೇವಿನ ಸೊಪ್ಪು ಹಿಡಿದು ಕೂತದ್ದಕ್ಕೆ ಒಂದು. ಬಾಯಲ್ಲಿ ಎಂದೂ ಹೇಳದ್ದನ್ನೆಲ್ಲ ಅವನು ಆ ಮೊಗ್ಗುಗಳಲ್ಲಿ ಹೇಳಿದ್ದ. ಬಂದ ತಕ್ಷಣ ಅಕ್ಕನ ಕಣ್ಣಿಗೆ ಬೀಳಲಿ ಎಂದು ಅದನ್ನು ಅವಳ ಪಟದ ಸುತ್ತ ಇಳಿಬಿಟ್ಟು ಗಂಟು ಹಾಕಿದ.

ಹಲ್ಲಿ ಹುಳ ಹಿಡಿಯಲು ಹಿತ್ತಲಿಗೆ ಹೋಗಿತ್ತು. ಬಂದು ನೋಡಿ ಗೋಡೆಯಿಂದ ಜಾರಿತು.

"ಅಯ್ಯೋ ಮಂಕೇ! ಏನ್ ಮಾಡಿಬಿಟ್ಟೆ!"

"ಇದು ಹೂವಲ್ಲವಲ್ಲ, ನೂಲು..."

"ಹೂವಾದರೇನು, ನೂಲಾದರೇನು? ಹಾರ ಅಂದ್ರೆ ಹಾರವೇ!"

ಚೆಲುವ ತಲೆಯೆತ್ತಿದ. ಪಟದಲ್ಲಿ ಅಕ್ಕನ ಮುಖ ಮಾಸತೊಡಗಿತ್ತು. ಕರಿಬೆಟ್ಟದ ಕಡೆಯಿಂದ ಗಹಗಹಿಸಿ ನಕ್ಕದ್ದು ಕೇಳಿಸಿತು. ಅವನು ಹಾರ ಎಳೆದ, ಬರಲಿಲ್ಲ. ಕತ್ತರಿ ಹಾಕಿದ, ಕತ್ತರಿಯೇ ಮುರಿಯಿತು. ಪ್ರೀತಿಯಿಂದ ಮಾಡಿದ ತಪ್ಪಿಗೂ ತಪ್ಪೆಂದೇ ಹೆಸರು. ಅವನು ತಲೆ ಚಚ್ಚಿಕೊಂಡ.

"ಚಚ್ಚಿಕೊಂಡಿದ್ದು ಸಾಕು" ಎಂದಿತು ಹಲ್ಲಿ. "ಹೂವಿನ ಹಾರವಾಗಿದ್ರೆ ಮುಗಿದೇ ಹೋಗ್ತಿತ್ತು. ಇದು ಕ್ರೋಶಾ. ಕೊನೇ ಕುಣಿಕೆ ಹುಡುಕಿ ಎಳಿ, ಪೂರ್ತಿ ಬಿಚ್ಚಿಕೊಳ್ಳುತ್ತೆ. ನೂಲು ತಾನೇ ಅವಳನ್ನ ಹುಡುಕಿಕೊಂಡು ಹೋಗುತ್ತೆ. ದೀಪ ಹಚ್ಚೋದರೊಳಗೆ ಅವಳ ಕೈ ಮುಟ್ಟಿದ್ರೆ ಗೆದ್ದೆ."

ಚೆಲುವ ಕೊನೆಯ ಕುಣಿಕೆ ಸಡಿಲಿಸಿ ಎಳೆದ. ಮೊಗ್ಗು ಮೊಗ್ಗೇ ಬಿಚ್ಚಿ ನೂಲಾಯಿತು. ನೂಲು ಹೊಸಿಲು ದಾಟಿತು, ಬೀದಿ ದಾಟಿತು, ತಾನಾಗಿ ಓಡಿತು. ಹಾರ ಮುಗಿಯಿತು. ಅವನು ಅದರ ತುದಿಗೆ ಹೂಜಿಯ ಮುಸುಕಿನ ನೂಲು ಗಂಟು ಹಾಕಿದ. ಆಮೇಲೆ ಪೆಟ್ಟಿಗೆಯ ಹೊದಿಕೆ, ಆಮೇಲೆ ತೋರಣ, ಆಮೇಲೆ ದೀಪದ ಹಾಸು. "ಅಕ್ಕಾ, ಇದು ನೀನು ನಂಗೆ ಜ್ವರ ಬಂದಾಗ ಹಾಕಿದ್ದು. ಅಕ್ಕಾ, ಇದು ನಾನು ಶಾಲೆಗೆ ಸೇರಿದ ವರ್ಷದ್ದು" ಎನ್ನುತ್ತ ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಬಿಚ್ಚಿದ. ಮನೆ ಬೋಳಾಯಿತು.

ಹಲ್ಲಿ ನೂಲಿನ ಮೇಲೆ ಕಾಲಿಟ್ಟು ಹೇಳಿತು: "ಲೊಚ್! ಹೊಳೆ ದಾಟಿದೆ. ಸಾಲದು."

ಚೆಲುವ ಬೀದಿಗೆ ಓಡಿ ಕೂಗಿಕೊಂಡ. ದ್ಯಾವಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ. ತನ್ನ ಮದುವೆಗೆ ಸಣ್ಣತಾಯಿ ಹೆಣೆದುಕೊಟ್ಟಿದ್ದ ಮಂಚದ ಹೊದಿಕೆಯನ್ನು ಎಳೆದು ತಂದಳು. "ನಾನು ಕೈಯಾರೆ ನನ್ನ ಗಂಡನಿಗೆ ಹಾರ ಹಾಕಿಬಿಟ್ಟೆ ಕಣೋ. ನಿಮ್ಮಕ್ಕನಾದ್ರೂ ಬರ್ಲಿ" ಎಂದು ಅಳುತ್ತ ತಾನೇ ಕೂತು ಬಿಚ್ಚಿದಳು. ಬೀದಿಯ ಮನೆಮನೆಯಿಂದಲೂ ತೊಟ್ಟಿಲ ಬಟ್ಟೆ, ತಟ್ಟೆಯ ಮುಸುಕು ಬಂದವು. ಸಣ್ಣತಾಯಿಯ ಕೈಕೆಲಸ ಇಲ್ಲದ ಮನೆಯೇ ಆ ಬೀದಿಯಲ್ಲಿರಲಿಲ್ಲ.

"ಲೊಚ್! ಬೆಟ್ಟದ ಬಾಗಿಲು ಮುಟ್ಟಿತು."

ಇವರು ಇಲ್ಲಿ ಬಿಚ್ಚುತ್ತಿರಲಿ, ನಾವು ಅಲ್ಲಿ ನೋಡಿ ಬರೋಣ. ಬೆಟ್ಟದ ಬಾಗಿಲಿಗೆ ಆನೆಯಷ್ಟು ದೊಡ್ಡ ಬೆಕ್ಕೊಂದು ಕಾವಲಿತ್ತು. ನರಮನುಷ್ಯರನ್ನು ಕಂಡರೆ ಹರಿದು ತಿನ್ನುವ ಬೆಕ್ಕು. ಆದರೆ ಆನೆಯಷ್ಟಿದ್ದರೂ ಬೆಕ್ಕು ಬೆಕ್ಕೇ. ನೂಲು ಸರಿದಾಡಿದ್ದೇ ತಡ, ಪಂಜ ಎತ್ತಿ ಕುಣಿಯಿತು, ಉರುಳಾಡಿತು, ಕಾವಲನ್ನೇ ಮರೆಯಿತು. ನೂಲು ಒಳಗೆ ನುಸುಳಿತು. ಕಲ್ಲಾಗಿ ಕೂತ ಸಣ್ಣತಾಯಿಯ ಕೈಗೆ ಇನ್ನೊಂದು ಮೊಳ ಇದೆ ಎನ್ನುವಾಗ ನಿಂತುಬಿಟ್ಟಿತು.

"ಲೊಚ್! ಒಂದೇ ಒಂದು ಮೊಳ ಸಾಲದು. ಹೊತ್ತು ಮುಳುಗ್ತಾ ಇದೆ."

ಬೀದಿಯಲ್ಲಿ ಬಿಚ್ಚಲು ಏನೂ ಉಳಿದಿರಲಿಲ್ಲ. ಚೆಲುವ ಗಾಜಿನ ಗೂಡಿನ ಕಡೆ ನೋಡಿದ. ಕುಲಾವಿಯನ್ನು ಕೈಗೆ ತೆಗೆದುಕೊಂಡ. ಅಮ್ಮನ ಮುಖ ಅವನಿಗೆ ಪಟದಿಂದಷ್ಟೇ ಗೊತ್ತು. ಆದರೆ ಅಮ್ಮನ ಕೈ ಹೀಗಿತ್ತು ಎಂದು ಗೊತ್ತಾದದ್ದು ಈ ಕುಲಾವಿಯಿಂದ. ಇದು ಹೋದರೆ ಅಮ್ಮನ ಕೈ ಹೋದ ಹಾಗೆ.

"ಅಮ್ಮಾ, ನಿನ್ನ ಮಗಳು ಬರ್ಲಿ" ಎಂದು ಕುಣಿಕೆ ಎಳೆದ.

ನೂಲು ಓಡಿತು. ಬೆಟ್ಟದ ಮೇಲೆ ಕಲ್ಲಿನ ಬೆರಳಿಗೆ ಏನೋ ಬೆಚ್ಚಗೆ ತಗುಲಿತು. ಬೆರಳು ಮಡಿಚಿಕೊಂಡಿತು. ಸಣ್ಣತಾಯಿ ಕಣ್ಣು ಬಿಟ್ಟಳು, ಎದ್ದಳು. ಕ್ರೋಶಾ ಹಾಕುವವಳು ನೂಲನ್ನು ನೆಲದ ಮೇಲೆ ಬಿಟ್ಟು ಬಂದಾಳೆಯೇ? ಉಂಡೆ ಸುತ್ತಿಕೊಳ್ಳುತ್ತಲೇ ನಡೆದಳು. ಅವಳು ಬೆಟ್ಟದ ಬಾಗಿಲು ದಾಟಿದ್ದೇ ತಡ ಬೂದುಗಣ್ಣನ ಮಂತ್ರ ಮುರಿಯಿತು. ಕಲ್ಲಾಗಿದ್ದ ಏಳು ಜನವೂ ಮೈ ಕೊಡವಿ ಅವಳ ಹಿಂದೆ ಹೊರಟರು. ತಡೆಯಲು ಬಂದ ಬೂದುಗಣ್ಣ ಮಂತ್ರ ಕಳೆದುಕೊಂಡು ಮೊಳದುದ್ದವಾದ, ಗೇಣುದ್ದವಾದ, ಇಲಿಯಷ್ಟಾದ. ಮುಂದಿನದು ಅವನಿಗೂ ಬೆಕ್ಕಿಗೂ ಬಿಟ್ಟ ವಿಷಯ.

ರಾತ್ರಿ ಊಟದ ಹೊತ್ತಿಗೆ ಕುಂಬಳಕಾಯಿ ಗಾತ್ರದ ಉಂಡೆ ಹೊತ್ತು ಸಣ್ಣತಾಯಿ ಬಾಗಿಲಲ್ಲಿ ನಿಂತಿದ್ದಳು. ಎದುರುಮನೆಯಲ್ಲಿ ದ್ಯಾವಮ್ಮ ಗಂಡನ ಪಟದಿಂದ ಹಾರ ಕಿತ್ತೆಸೆದು, ಮಾದಯ್ಯನ ಎರಡೂ ಕೈ ಹಿಡಿದು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು.

ಸಣ್ಣತಾಯಿ ಒಳಗೆ ಕಣ್ಣಾಡಿಸಿದಳು. "ಏನೋ ಇದು, ಮನೆಯೆಲ್ಲಾ ಬೋಳು!"

"ಅಕ್ಕಾ, ಎಲ್ಲಾ ಬಿಚ್ಚಿಬಿಟ್ಟೆ. ಅಮ್ಮನ ಕುಲಾವೀನೂ."

"ಗೊತ್ತು ಕಣೋ. ಅದರ ನೂಲು ಸೇರಿದಾಗಲೇ ನಂಗೆ ಎಚ್ಚರ ಆಗಿದ್ದು."

ಚೆಲುವ ಅವಳಿಗಾಗಿ ಹೆಣೆದದ್ದು ಯಾವುದೂ ಉಳಿದಿರಲಿಲ್ಲ. ಕೊಡಲು ಕೈಯಲ್ಲಿ ಏನೂ ಇರಲಿಲ್ಲ, ಬಾಯಿಯೊಂದೇ ಇತ್ತು. ಅವನು ಅಕ್ಕನ ಕಾಲ ಬಳಿ ಕೂತ.

"ಅಕ್ಕಾ, ನೀನು ನನ್ನ ಹೊತ್ತೆ. ನೀನು ಉಣ್ಣದೆ ನಂಗೆ ಉಣಿಸಿದೆ. ಬಂದ ಗಂಡುಗಳನ್ನೆಲ್ಲಾ ನನಗೋಸ್ಕರ ವಾಪಸ್ ಕಳಿಸಿದೆ. ನಂಗೆ ಎಲ್ಲಾ ಗೊತ್ತಿತ್ತು ಅಕ್ಕಾ. ಒಂದು ದಿನವೂ ಹೇಳಲಿಲ್ಲ."

ಸಣ್ಣತಾಯಿ ಅವನ ತಲೆ ಸವರಿದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದಳು.

"ಹೇಳಿದ್ಯಲ್ಲ ಈಗ, ಸಾಕು ಬಿಡು. ವರ್ಷದಿಂದ ಹಸಿದಿದೀನಿ, ಅಡುಗೆ ಏನಾದ್ರೂ ಮಾಡಿದ್ಯೇನೋ?"

ಚೆಲುವ ಒಲೆಯ ಕಡೆ ಓಡಿದ. ಆ ರಾತ್ರಿ ಬೀದಿಯೆಲ್ಲ ಆ ಬೋಳು ಮನೆಯಲ್ಲೇ ಉಂಡಿತು. ಅಂದಿನಿಂದ ಹೊನ್ನೇರಿಯಲ್ಲಿ ಯಾರೂ ಒಳ್ಳೆಯ ಮಾತನ್ನು ಪಟದ ಮುಂದೆ ಹೇಳಲು ಕಾದಿಡುವುದಿಲ್ಲವಂತೆ, ಎದುರು ಕೂತಿರುವಾಗಲೇ ಹೇಳಿಬಿಡುತ್ತಾರಂತೆ. ಅವರೆಲ್ಲ ಅಲ್ಲಿ ಉಂಡು ಹೆಣೆದು ನೆಮ್ಮದಿಯಾಗಿದ್ದಾರೆ. ಇಷ್ಟು ಹೊತ್ತು ಕೂತು ಕೇಳಿದಿರಲ್ಲ, ನೀವೂ ತಣ್ಣಗಿರಿ.